ಪಾಣೀವಾಲೀ ಬಾಯಿ: ಮೃಣಾಲ್ ಗೋರೆ
(ಸಂಘದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮುಂಬಯಿಯ ಒಬ್ಬ ರಾಜಕಾರಣಿಯ ಕುರಿತು ಮಾತನಾಡಬೇಕೆಂದು ತಾವು ಸೂಚಿಸಿದಿರಿ. ಮಂಗಳೂರಿನಿಂದ ಬಂದ ಜಾರ್ಜ್ ಫೆರ್ನಾಂಡಿಸರನ್ನು ಅನೇಕರು ನಿರೀಕ್ಷಿಸಿರಬಹುದು. ನಾನು ಆರಿಸಿಕೊಂಡವರು ನಮ್ಮ ಭಾಷೆಯವರಲ್ಲ. ಆದರೆ ಉಪನಗರದ ಚಾಳುಗಳಲ್ಲಿ ಬಿಂದಿಗೆ ಹಿಡಿದು ಸರದಿ ನಿಂತ ನಮ್ಮ ಹೆಣ್ಣುಮಕ್ಕಳಿಗೂ ಅವರ ಹೋರಾಟದ ಫಲ ಸಂದಿದೆ.

ಮೃಣಾಲ್ ಗೋರೆಯವರು ಹುಟ್ಟಿದ್ದು 1928ರಲ್ಲಿ. ರಾಷ್ಟ್ರ ಸೇವಾದಳದ ಸೆಳೆತಕ್ಕೆ ಸಿಕ್ಕಿ ವೈದ್ಯಕೀಯ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟರು. ಸಮಾಜವಾದಿ ಕಾರ್ಯಕರ್ತ ಕೇಶವ ಗೋರೆಯವರನ್ನು ವರಿಸಿದರು. 1958ರಲ್ಲಿ ಪತಿ ತೀರಿಕೊಂಡಾಗ ಮಡಿಲಲ್ಲಿ ಪುಟ್ಟ ಮಗಳು. ಮೂರೇ ವರ್ಷಗಳಲ್ಲಿ, 1961ರಲ್ಲಿ, ಅವರು ಮುಂಬಯಿ ಮಹಾನಗರಪಾಲಿಕೆಯ ಸದಸ್ಯೆ.

ಗೋರೆಗಾಂವಿನಲ್ಲಿ ಆಗ ನೀರಿನದೇ ದೊಡ್ಡ ಬವಣೆ. ನಲ್ಲಿಯೊಂದನ್ನು ಹಾಕಿಸಿಕೊಟ್ಟು, ಅದು ತನ್ನ ಕೃಪೆಯೆಂದು ಮುಂದಿನ ಚುನಾವಣೆಯವರೆಗೆ ಹೇಳಿಕೊಂಡು ತಿರುಗುವ ನಗರಸೇವಕರನ್ನು ನಾವೆಲ್ಲ ಕಂಡಿದ್ದೇವೆ. ಮೃಣಾಲ್‌ತಾಯಿಯ ದಾರಿ ಬೇರೆ. ನೀರಿಲ್ಲದ ಹೆಂಗಸರನ್ನೇ ಕಟ್ಟಿಕೊಂಡು ಅವರು ಅಧಿಕಾರಿಗಳೆದುರು ಹೋಗಿ ನಿಂತರು. ಬೇಡುವವಳಾಗಿ ಹೋದ ಗೃಹಿಣಿ ಹಕ್ಕು ಕೇಳುವ ನಾಗರಿಕಳಾಗಿ ಮರಳಿದಳು. ‘ಪಾಣೀವಾಲೀ ಬಾಯಿ’ ಎಂಬ ಬಿರುದನ್ನು ಕೊಟ್ಟದ್ದು ಆ ಜನರೇ. 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರೆಂಬುದೇ ಅಪರಾಧವೆಂಬಂತೆ ನಮ್ಮ ಹೋಟೆಲುಗಳ ಮೇಲೆ ಕಲ್ಲು ಬೀಳುತ್ತಿದ್ದ ವರ್ಷಗಳನ್ನು ನೆನೆಯಿರಿ. ಸರದಿಯಲ್ಲಿ ನಿಂತವರ ಭಾಷೆ ಕೇಳುವ ರಾಜಕಾರಣ ಅವರದಾಗಿರಲಿಲ್ಲ.

1972ರಲ್ಲಿ ಅವರು ವಿಧಾನಸಭೆಗೆ ಆರಿಸಿಬಂದರು. ಬರಗಾಲ, ಬೆಲೆಯೇರಿಕೆಯ ದಿನಗಳವು. ಕಮ್ಯುನಿಸ್ಟ್ ನಾಯಕಿ ಅಹಿಲ್ಯಾ ರಾಂಗ್ಣೇಕರ್ ಮೊದಲಾದವರೊಡನೆ ಕೂಡಿ ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿಯನ್ನು ಕಟ್ಟಿದರು. ಸಾವಿರಾರು ಹೆಂಗಸರು ಲಟ್ಟಣಿಗೆ ಹಿಡಿದು, ತಟ್ಟೆ ಬಡಿಯುತ್ತ ಬೀದಿಗಿಳಿದರು. ಸೀಮೆಎಣ್ಣೆ, ಸಕ್ಕರೆಗಳು ಅಡುಗೆಮನೆಯ ಗೊಣಗಾಟದ ವಿಷಯವೆಂದು ತಿಳಿದಿದ್ದ ಮಂತ್ರಿಗಳು ಅದಕ್ಕೂ ಉತ್ತರಿಸಬೇಕಾಯಿತು.

ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ. 1977ರಲ್ಲಿ ಲೋಕಸಭೆಗೆ ಆಯ್ಕೆ. ಇಂದಿರಾ ಗಾಂಧಿಯವರಿಗೆ ಸೋಲು. ‘ಪಾಣೀವಾಲೀ ಬಾಯಿ ದಿಲ್ಲೀತ, ದಿಲ್ಲೀವಾಲೀ ಬಾಯಿ ಪಾಣ್ಯಾತ’ — ನೀರಿನಾಕೆ ದಿಲ್ಲಿಗೆ, ದಿಲ್ಲಿಯಾಕೆ ನೀರಿಗೆ — ಎಂದು ಮುಂಬಯಿ ನಕ್ಕಿತು. ಜನತಾ ಪಕ್ಷ ಎಷ್ಟು ಬೇಗ ಒಡೆಯಿತೆಂಬುದು ಗೊತ್ತೇ ಇದೆ. ಸಮಾಜವಾದಿಗಳ ಈ ಚಾಳಿಯೇ ಇಂಥವರ ಕೈಗಳನ್ನು ಕಟ್ಟಿಹಾಕಿತೆಂದು ನನ್ನ ಭಾವನೆ.

ಆದರೂ 1985ರಲ್ಲಿ ಅವರು ಮತ್ತೆ ವಿಧಾನಸಭೆಗೆ ಬಂದರು. ವಿರೋಧಪಕ್ಷದ ನಾಯಕಿಯೂ ಆದರು. ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದು ಅಳಿಸಿಹಾಕುವ ದಂಧೆಯ ವಿರುದ್ಧ ಖಾಸಗಿ ಮಸೂದೆ ತಂದರು. 1988ರಲ್ಲಿ ಮಹಾರಾಷ್ಟ್ರ ಈ ಬಗ್ಗೆ ದೇಶದಲ್ಲೇ ಮೊದಲ ಕಾನೂನನ್ನು ಮಾಡಿತು. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ. ಅಧಿಕಾರದ ಕುರ್ಚಿಯಿಲ್ಲದ ಶಾಸಕಿಯೊಬ್ಬರು ಮಾಡಬಹುದಾದ ಇದಕ್ಕಿಂತ ದೊಡ್ಡ ಕೆಲಸ ನನಗೆ ತೋಚದು.

ಇನ್ನು ವಸತಿ. ನಗರ ಭೂಮಿತಿ ಕಾಯಿದೆ ಇದ್ದದ್ದು ಹೆಚ್ಚುವರಿ ನೆಲ ಬಡವರಿಗೆ ಸಿಗಲೆಂದು, ಸಿಗುತ್ತಿದ್ದುದು ಬಿಲ್ಡರುಗಳಿಗೆ. ಬಾಬುರಾವ್ ಸಾಮಂತರೊಡನೆ ನಾಗರಿ ನಿವಾರಾ ಪರಿಷದ್ ಸ್ಥಾಪಿಸಿ, ದೀರ್ಘ ಹೋರಾಟ ನಡೆಸಿ, ಗೋರೆಗಾಂವ್ ಪೂರ್ವದ ದಿಂಡೋಶಿಯಲ್ಲಿ ಅಲ್ಪ ಆದಾಯದವರಿಗಾಗಿ ಸುಮಾರು 6,000 ಮನೆಗಳನ್ನು ಎಬ್ಬಿಸಿದರು.

2012ರ ಜುಲೈ 17ರಂದು ಅವರು ನಿಧನರಾದರು. 2016ರಲ್ಲಿ ತೆರೆದ ಗೋರೆಗಾಂವಿನ ಮೇಲ್ಸೇತುವೆಯೊಂದಕ್ಕೆ ಅವರ ಹೆಸರಿದೆ; ನೀರಿಗಾಗಿ ನಡೆದವರ ಹೆಸರು ಮೋಟಾರುಗಳ ದಾರಿಗೆ!

‘ಇದು ನಮ್ಮ ಊರಲ್ಲ’ ಎಂದು ಸಂಘದ ಅಂಗಳದೊಳಗೇ ಉಳಿಯುವ ಚಟ ನಮಗಿದೆ. ಆದರೆ ಲಟ್ಟಣಿಗೆ ಮೋರ್ಚಾಗಳನ್ನು ಕಂಡ ಹಿರಿಯ ತಾಯಂದಿರು ನಮ್ಮಲ್ಲಿ ಕೆಲವರಾದರೂ ಇದ್ದಾರು. ಅವರ ನೆನಪುಗಳನ್ನು ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ನಮ್ಮ ತ್ರೈಮಾಸಿಕ ಮುಂದಿನ ಸಂಚಿಕೆಯಿಂದಲೇ ಆರಂಭಿಸಲೆಂದು ಕೋರುತ್ತೇನೆ.