ಚೀಟಿ ಹೇಳಿದ್ದು, ಹೊಟ್ಟೆ ಸೇರಿದ್ದು

ದೊಡ್ಡನೆಕ್ಕುಂದಿಯ ಕೆರೆಯ ಕಡೆಯಿಂದ ಹೊರವರ್ತುಲ ರಸ್ತೆಯತ್ತ ಸಂಜೆಯ ಹೊತ್ತು ನಡೆದುಬರುವವರಿಗೆ ಓದುವುದಕ್ಕೆ ಬೇರೆ ಪುಸ್ತಕ ಬೇಕಾಗುವುದಿಲ್ಲ. ಇಕ್ಕೆಲಗಳಲ್ಲಿಯೂ ಫಲಕಗಳೇ. ಒಂದೆಡೆ ‘ಶುದ್ಧ ತುಪ್ಪದ ದೋಸೆ’, ಇನ್ನೊಂದೆಡೆ ‘ಮನೆಯ ರುಚಿಯ ಊಟ’, ಮೂಲೆಯ ಗಾಡಿಯ ಮೇಲೆ ದೀಪದ ಬೆಳಕಿನಲ್ಲಿ ಕೆಂಪಗೆ ಹೊಳೆಯುವ ಗೋಬಿ. ಒಂದು ಕಾಲಕ್ಕೆ ಇದು ಕೆರೆ, ಹೊಲ, ತೋಟಗಳ ಹಳ್ಳಿಯಾಗಿತ್ತು. ಹಳ್ಳಿಯಲ್ಲಿ ಎಣ್ಣೆಗೆ ಚೀಟಿ ಅಂಟಿಸುವ ಪದ್ಧತಿ ಇರಲಿಲ್ಲ. ಗಾಣದವನ ಮುಖವೇ ಎಣ್ಣೆಯ ಚೀಟಿ. ಹಾಲಿಗೆ ನೀರು ಬೆರೆಸಿದವರನ್ನು ಮಾರನೆಯ ಬೆಳಗ್ಗೆ ಬಾಗಿಲಲ್ಲಿಯೇ ನಿಲ್ಲಿಸಿ ಕೇಳಬಹುದಾಗಿತ್ತು. ಈಗ ಅಡಿಗೆ ಮಾಡುವವನು ಒಂದು ರಾಜ್ಯದವನು, ಉಣ್ಣುವವನು ಇನ್ನೊಂದು ರಾಜ್ಯದವನು, ಮಸಾಲೆಯ ಪುಡಿ ಎಲ್ಲಿ ಕುಟ್ಟಿದ್ದೋ ಇಬ್ಬರಿಗೂ ತಿಳಿಯದು. ಮುಖಪರಿಚಯ ಹೋದ ಕಡೆ ಅದರ ಜಾಗಕ್ಕೆ ಬಂದು ಕುಳಿತಿರುವುದು ಚೀಟಿ, ಅಂದರೆ ಲೇಬಲ್ಲು. ಆ ಚೀಟಿ ಸುಳ್ಳಾಡಿದರೆ, ತಿಂದವನಿಗೆ ಅದರಿಂದ ಹಾನಿಯಾದರೆ, ಉತ್ತರ ಹೇಳಬೇಕಾದವರು ಯಾರು? ಕಾನೂನಿನ ಪುಸ್ತಕಗಳ ನಡುವೆ ಬಹುಕಾಲ ಕಳೆದವನಾದ ನನ್ನನ್ನು ನೆರೆಹೊರೆಯವರು ಆಗಾಗ ಕೇಳುವ ಪ್ರಶ್ನೆ ಇದು.

ಇದಕ್ಕೆ ಉತ್ತರವನ್ನು ಹುಡುಕಹೊರಟರೆ ದಾರಿ ನಮ್ಮನ್ನು ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಪಟ್ಟಣಕ್ಕೆ ಕರೆದೊಯ್ಯುತ್ತದೆ. 1928ರ ಆಗಸ್ಟ್ 26, ಭಾನುವಾರ. ಡೊನಾಹ್ಯೂ ಎಂಬ ಬಡ ಹೆಂಗಸು ಗೆಳತಿಯೊಡನೆ ಅಲ್ಲಿನ ಉಪಾಹಾರ ಮಂದಿರವೊಂದಕ್ಕೆ ಹೋದಳು. ಗೆಳತಿ ಹಣ ಕೊಟ್ಟು ಅವಳಿಗಾಗಿ ಐಸ್‌ಕ್ರೀಮನ್ನೂ ಶುಂಠಿಯ ಪಾನೀಯವನ್ನೂ ತರಿಸಿದಳು. ಸೀಸೆ ಕಂದುಬಣ್ಣದ್ದು, ಒಳಗಿರುವುದು ಕಾಣದು. ಅರ್ಧ ಕುಡಿದ ಮೇಲೆ ಉಳಿದುದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳುವೊಂದು ಹೊರಬಿತ್ತೆಂದು ಅವಳ ದೂರು. ಹೊಟ್ಟೆಯ ಬೇನೆಯಿಂದ ನರಳಿದಳು. ಈಗ ಅವಳು ಯಾರ ಮೇಲೆ ದಾವೆ ಹೂಡಬೇಕು? ಅಂಗಡಿಯವನೊಡನೆ ಕರಾರು ಮಾಡಿಕೊಂಡವಳು ಗೆಳತಿ. ಕುಡಿದವಳು ಕಾಸು ಕೊಟ್ಟಿಲ್ಲ. ಪಾನೀಯ ತಯಾರಿಸಿದ ಸ್ಟೀವನ್‌ಸನ್ ಅವಳನ್ನು ಕಂಡವನೇ ಅಲ್ಲ. ಕರಾರು ಇಲ್ಲದ ಕಡೆ ಹೊಣೆ ಇಲ್ಲವೆಂಬುದು ಆವರೆಗಿನ ನ್ಯಾಯವಾದಿಗಳ ದೊಡ್ಡ ಕೋಟೆ.

ಆ ಕೋಟೆ 1932ರ ಮೇ 26ರಂದು ಒಡೆಯಿತು. ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಬಹುಮತದ ಪರವಾಗಿ ಬರೆದ ಲಾರ್ಡ್ ಆಟ್ಕಿನ್ನರು ಬೈಬಲಿನ ಹಳೆಯ ಪ್ರಶ್ನೆಯನ್ನೇ ಎತ್ತಿಕೊಂಡರು: ನನ್ನ ನೆರೆಯವನು ಯಾರು? ನಾನು ಮಾಡುವ ಕೆಲಸದಿಂದ ಯಾರಿಗೆ ಪೆಟ್ಟಾದೀತೆಂದು ಮುಂಚೆಯೇ ಊಹಿಸಬಲ್ಲೆನೋ ಅವರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ನೆರೆಯವರು ಎಂಬುದು ಅವರ ವಾದದ ಸಾರ. ಮುಚ್ಚಿದ ಸೀಸೆಯನ್ನು ಮಾರುಕಟ್ಟೆಗೆ ಕಳಿಸಿದವನಿಗೆ, ಅದನ್ನು ತೆರೆದು ಕುಡಿಯುವ ಕಾಣದ ಕೈ ನೆರೆಯವರದೇ. ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು; ಆ ಸೀಸೆಯಲ್ಲಿ ಹುಳು ನಿಜವಾಗಿ ಇತ್ತೇ ಎಂಬುದನ್ನು ಯಾವ ನ್ಯಾಯಾಲಯವೂ ಸಾಕ್ಷಿ ಕೇಳಿ ತೀರ್ಮಾನಿಸಲೇ ಇಲ್ಲ. ಅಷ್ಟರಲ್ಲಿ ಸ್ಟೀವನ್‌ಸನ್ ತೀರಿಕೊಂಡ. ಇನ್ನೂರು ಪೌಂಡಿಗೆ ರಾಜಿಯಾಯಿತು. ಇತ್ತೋ ಇಲ್ಲವೋ ತಿಳಿಯದ ಒಂದು ಹುಳುವಿನ ಮೇಲೆ ಅರ್ಧ ಜಗತ್ತಿನ ಹೊಣೆಗಾರಿಕೆಯ ಕಾನೂನು ನಿಂತಿದೆ.

ಪೇಸ್ಲಿಯಿಂದ ಬೆಂಗಳೂರಿಗೆ ಬರೋಣ. 2024ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಒಂದು ವರದಿ ಬಂತು. ನಗರದ ಮದುವೆಯ ಆರತಕ್ಷತೆಯೊಂದರಲ್ಲಿ ಹನ್ನೆರಡು ವರ್ಷದ ಬಾಲಕಿ ಹೊಗೆಯಾಡುವ ಬೀಡಾ ತಿಂದಿದ್ದಳು. ಹೊಗೆ ಬರಲೆಂದು ಅದಕ್ಕೆ ಸೇರಿಸಿದ್ದದ್ದು ದ್ರವರೂಪದ ಸಾರಜನಕ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕುದಿಯುವ ಈ ವಸ್ತು ಬೆಚ್ಚನೆಯ ಜಾಗ ಸಿಕ್ಕೊಡನೆ ಹತ್ತಿರಹತ್ತಿರ ಏಳುನೂರು ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಮುಚ್ಚಿದ ಜಠರದಲ್ಲಿ ಹಿಗ್ಗಿದರೆ ಗತಿಯೇನು? ಆ ಮಗುವಿನ ಜಠರದಲ್ಲಿ ತೂತು ಬಿದ್ದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಜಠರದ ಒಂದು ಭಾಗವನ್ನೇ ತೆಗೆಯಬೇಕಾಯಿತು. ಪುಣ್ಯಕ್ಕೆ ಉಳಿದಳು. ಅದಕ್ಕೆ ಸ್ವಲ್ಪ ಮುಂಚೆ ದಾವಣಗೆರೆಯಲ್ಲಿ ಹೊಗೆ ಬಿಸ್ಕತ್ತು ತಿಂದ ಹುಡುಗನೊಬ್ಬ ಒದ್ದಾಡಿದ ದೃಶ್ಯವನ್ನು ನಾಡೆಲ್ಲ ನೋಡಿತ್ತು. ಆಹಾರದೊಡನೆ ದ್ರವ ಸಾರಜನಕವನ್ನು ನೇರವಾಗಿ ತಿನ್ನಲು ಕೊಡಕೂಡದೆಂದು ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಆಜ್ಞೆ ಹೊರಡಿಸಿದ್ದು ಆ ಮೇ ತಿಂಗಳಲ್ಲೇ. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ 2012ರಲ್ಲಿಯೇ ಇಂಥದೇ ಪಾನೀಯ ಕುಡಿದ ಹದಿನೆಂಟರ ಹುಡುಗಿಯೊಬ್ಬಳ ಜಠರವನ್ನು ಪೂರ್ತಿ ತೆಗೆದಿದ್ದರು. 2015ರಲ್ಲಿ ಆ ಪಾನಗೃಹಕ್ಕೆ ಒಂದು ಲಕ್ಷ ಪೌಂಡು ದಂಡವಾಗಿತ್ತು. ಆ ಸುದ್ದಿ ನಮ್ಮ ಬೀಡಾ ತಟ್ಟೆಯವರೆಗೆ ತಲಪುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ಮದುವೆಗೆ ಹೋದ ಮಗು ಬೀಡಾದವನಿಗೆ ಕಾಸು ಕೊಡುವುದಿಲ್ಲ. ಅದರ ತಂದೆತಾಯಿಯರೂ ಕೊಡುವುದಿಲ್ಲ. ಮತ್ತೆ ಅದೇ ಪೇಸ್ಲಿಯ ಗಂಟು. ಆದರೆ ನಮ್ಮ ಕಾನೂನು ಈ ಗಂಟನ್ನು ಬಿಚ್ಚಿಟ್ಟಿದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಹಣ ತೆತ್ತವನಷ್ಟೇ ಗ್ರಾಹಕನಲ್ಲ. ತೆತ್ತವನ ಒಪ್ಪಿಗೆಯಿಂದ ವಸ್ತುವನ್ನು ಬಳಸಿದವನೂ ಸೇವೆಯ ಫಲ ಪಡೆದವನೂ ಗ್ರಾಹಕನೇ. ಆಹಾರವನ್ನು ‘ಸರಕು’ ಎಂಬ ಮಾತಿನೊಳಗೆ ಸ್ಪಷ್ಟವಾಗಿ ಸೇರಿಸಿದ್ದಾರೆ. ಅಡಿಗೆ ಗುತ್ತಿಗೆಯವನಾಗಲಿ ಹೋಟೆಲಿನವನಾಗಲಿ ತಕ್ಕ ಎಚ್ಚರಿಕೆಯ ಮಾತು ಹೇಳದೆ ಕೊಟ್ಟು, ಅದರಿಂದ ಹಾನಿಯಾದರೆ ಹೊಣೆ ಅವನದು. ತಯಾರಕನ ಮಾತಂತೂ ಇನ್ನೂ ಬಿಗಿ. ಚೀಟಿಯ ಮೇಲೆ ಅವನು ಬರೆದದ್ದು ಖಚಿತವಾದ ಭರವಸೆ. ವಸ್ತು ಆ ಭರವಸೆಗೆ ಹೊಂದದಿದ್ದರೆ, ‘ನಾನು ಅಜಾಗರೂಕನಾಗಿರಲಿಲ್ಲ, ಮೋಸದ ಉದ್ದೇಶವಿರಲಿಲ್ಲ’ ಎಂದು ಸಾಧಿಸಿ ತೋರಿಸಿದರೂ ಅವನಿಗೆ ಬಿಡುಗಡೆಯಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ.

ಇದರ ಜೊತೆಗೆ ಇನ್ನೊಂದು ಬಾಗಿಲಿದೆ. 1954ರ ಕಲಬೆರಕೆ ತಡೆ ಕಾಯಿದೆಯ ಜಾಗದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ 2011ರ ಆಗಸ್ಟಿನಿಂದ ನಡೆಯುತ್ತಿದೆ. ತಪ್ಪು ಚೀಟಿಗೆ ಮೂರು ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ. ಅಪಾಯಕಾರಿ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಮೆಯಿಲ್ಲದ ಸೆರೆ. ತಿಂದವನಿಗೆ ಪರಿಹಾರವೂ ಉಂಟು: ಸಾವಾದರೆ ಐದು ಲಕ್ಷಕ್ಕೆ ಕಡಮೆಯಿಲ್ಲದಂತೆ, ತೀವ್ರವಾದ ಗಾಯಕ್ಕೆ ಮೂರು ಲಕ್ಷ ಮೀರದಂತೆ, ಉಳಿದ ಗಾಯಕ್ಕೆ ಒಂದು ಲಕ್ಷ ಮೀರದಂತೆ. ಈ ಅಳತೆ ನನಗೆ ಎಂದೂ ಸರಿಯಾಗಿ ಕಂಡಿಲ್ಲ. ಸತ್ತವನಿಗೆ ಕೆಳಮಿತಿ, ಬದುಕಿ ಉಳಿದವನಿಗೆ ಮೇಲ್ಮಿತಿ! ಜಠರದ ತುಂಡನ್ನು ಕಳೆದುಕೊಂಡು ಇನ್ನೂ ಅರುವತ್ತು ವರ್ಷ ಬಾಳಬೇಕಾದ ಮಗುವಿನ ನೋವಿಗೆ ಮೂರು ಲಕ್ಷದ ಗೆರೆ ಎಳೆದವರು ಯಾವ ತಕ್ಕಡಿ ಹಿಡಿದಿದ್ದರೋ. ಗ್ರಾಹಕ ಆಯೋಗದ ಬಾಗಿಲಿಗೆ ಈ ಗೆರೆ ಇಲ್ಲವೆಂಬುದೇ ಸಮಾಧಾನ. ದೂರುದಾರ ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ, ಎರಡು ವರ್ಷದೊಳಗೆ, ವಕೀಲರಿಲ್ಲದೆಯೂ ಅಲ್ಲಿಗೆ ಹೋಗಬಹುದು.

ಇನ್ನು ಮೂಲೆಯ ಗಾಡಿಯ ಗೋಬಿ. ಅದಕ್ಕೆ ಚೀಟಿಯೇ ಇಲ್ಲವಲ್ಲ ಎನ್ನಬಹುದು. ಬಣ್ಣವೇ ಅದರ ಚೀಟಿ. 2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪ್ರಕಟಿಸಿದ ಲೆಕ್ಕದಲ್ಲಿ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಮಕ್ಕಳು ಆಸೆಪಡುವ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಹಾಗೆಯೇ. ಬಟ್ಟೆಗೆ ಹಾಕುವ ರೋಡಮೀನ್-ಬಿ ನಾಲಗೆಯ ಮೇಲೆ ಕುಳಿತಿತ್ತು. ಕೆಂಪು ಕಂಡರೆ ಖಾರವಿದೆ, ರುಚಿಯಿದೆ ಎಂದು ನಮ್ಮ ಕಣ್ಣು ನಂಬುತ್ತದೆ. ಆ ನಂಬಿಕೆಯನ್ನು ದುಡ್ಡಾಗಿಸಿಕೊಳ್ಳುವುದು ಸುಳ್ಳು ಚೀಟಿ ಅಂಟಿಸಿದ್ದಕ್ಕಿಂತ ಬೇರೆಯೇನಲ್ಲ.

ಹಾನಿಯೆಲ್ಲ ದೇಹಕ್ಕೇ ಆಗಬೇಕೆಂದೂ ಇಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಕಡ್ಡಾಯ. ಆದರೆ ಸಂಕೇತಾಕ್ಷರ, ಸಂಖ್ಯೆಗಳ ಮರೆಯಲ್ಲಿ ಪ್ರಾಣಿಮೂಲದ ದ್ರವ್ಯ ಒಳಬಂದರೆ? ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ ಪ್ರತಿಯೊಂದು ದ್ರವ್ಯ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ತಿಳಿಸತಕ್ಕದ್ದೆಂದು 2021ರ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಹೇಳಿತು. ವ್ರತದಲ್ಲಿರುವ ಅಜ್ಜಿಯ ಮನಸ್ಸೂ ನ್ಯಾಯಾಲಯದ ಲೆಕ್ಕಕ್ಕೆ ಬಂತೆನ್ನಬೇಕು.

ಹಾಗೆಂದು ಆಪಾದನೆ ಹೊತ್ತವರೆಲ್ಲ ತಪ್ಪಿತಸ್ಥರೆಂದಲ್ಲ. 2015ರ ಮ್ಯಾಗಿ ಪ್ರಕರಣ ನೆನಪಿರಬಹುದು. ಸೀಸದ ಅಂಶ ಹೆಚ್ಚಿದೆ, ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಬರಹ ದಾರಿ ತಪ್ಪಿಸುತ್ತದೆ ಎಂದು ಆ ಜೂನಿನಲ್ಲಿ ದೇಶದಾದ್ಯಂತ ಮಾರಾಟ ನಿಂತಿತು. ಆಗಸ್ಟಿನಲ್ಲಿ ಬೊಂಬಾಯಿಯ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಕಂಪನಿಯ ಮಾತನ್ನು ಸರಿಯಾಗಿ ಕೇಳಿಲ್ಲ, ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆಯಿಲ್ಲ ಎಂಬುದು ಕಾರಣ. ಸರ್ಕಾರವೇ ಗ್ರಾಹಕರ ಪರವಾಗಿ ಹೂಡಿದ 640 ಕೋಟಿ ರೂಪಾಯಿಯ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಮಾದರಿಗಳನ್ನು ಕಳುಹಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ. 1950ರಿಂದ ಚೆಲುವಾಂಬಾ ವಿಲಾಸದ ಅರಮನೆಯಲ್ಲಿ ನಡೆದುಬಂದ ಸಂಸ್ಥೆ ಅದು. 2024ರಲ್ಲಿ ರಾಷ್ಟ್ರೀಯ ಆಯೋಗ ಆ ದಾವೆಯನ್ನು ವಜಾ ಮಾಡಿತು. ಹೊಟ್ಟೆಯ ಸಿಟ್ಟಿಗಿಂತ ಪ್ರಯೋಗಾಲಯದ ಚೀಟಿ ಗಟ್ಟಿಯಾಗಿರಬೇಕೆಂಬುದಕ್ಕಾಗಿ ಇದನ್ನು ಹೇಳಿದೆ. ರಸೀದಿ, ಪೊಟ್ಟಣ, ವೈದ್ಯರ ಬರಹ, ಉಳಿದ ತುತ್ತು ಇವನ್ನು ಎಸೆದುಬಿಟ್ಟವನ ದೂರು ಬಹುಮಟ್ಟಿಗೆ ಗಾಳಿಗೆ ಹೋಗುತ್ತದೆ.

2006ರ ಅಧಿನಿಯಮದ 40ನೆಯ ಪ್ರಕರಣದಲ್ಲಿ ಹೆಚ್ಚು ಮಂದಿಗೆ ತಿಳಿಯದ ಸೌಲಭ್ಯವೊಂದಿದೆ. ಸಾಮಾನ್ಯ ಗಿರಾಕಿಯೂ ತಾನು ಕೊಂಡ ವಸ್ತುವನ್ನು ಶುಲ್ಕ ಕೊಟ್ಟು ಸರ್ಕಾರದ ಆಹಾರ ವಿಶ್ಲೇಷಕರಲ್ಲಿ ಪರೀಕ್ಷೆ ಮಾಡಿಸಬಹುದು. ದೋಷ ಕಂಡರೆ ಶುಲ್ಕ ಹಿಂದಕ್ಕೆ ಬರುತ್ತದೆ. ಆದರೆ ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ಕಾಯಿದೆ ಬರೆದವರ ಸರಳತೆಗೆ ಕೈಮುಗಿಯಬೇಕು ಎಂದುಕೊಂಡಿದ್ದೆ. ಮೊನ್ನೆ ದೊಡ್ಡನೆಕ್ಕುಂದಿಯ ಅಂಗಡಿಯೊಂದರಲ್ಲಿ ಅರಿಸಿನದ ಪುಡಿಯ ಪೊಟ್ಟಣ ಕೈಗೆತ್ತಿಕೊಂಡು, ಕುತೂಹಲಕ್ಕೆ, ‘ಇದನ್ನು ಪರೀಕ್ಷೆಗೆ ಕಳಿಸೋಣ ಅಂತಿದೀನಪ್ಪ’ ಎಂದೆ. ಹುಡುಗ ನನ್ನ ಮುಖವನ್ನೊಮ್ಮೆ, ಪೊಟ್ಟಣವನ್ನೊಮ್ಮೆ ನೋಡಿದ. ಮೆತ್ತಗೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಒಳಗಿನ ಗೂಡಿನಿಂದ ಇನ್ನೊಂದನ್ನು ತಂದುಕೊಟ್ಟು ಹೇಳಿದ: ‘ಅದು ಬೇಡ ಸಾರ್, ಇದನ್ನ ತಗೊಳ್ಳಿ. ಇದನ್ನೇ ನಾವು ಮನೆಗೆ ಬಳಸೋದು.’