ಎಂಟನೆಯ ತರಗತಿಗೆ ಬಂದವರೆಷ್ಟು?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಐವತ್ತು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಗುರುಗಳನ್ನು ನೆನೆಯುತ್ತಾರೆ, ಫಲಿತಾಂಶವನ್ನು ಹೊಗಳುತ್ತಾರೆ. ಮೊದಲನೆಯದನ್ನು ಬೆಳಗಿನಿಂದ ಎಲ್ಲರೂ ಮನಸಾರೆ ಮಾಡಿದ್ದೀರಿ. ಎರಡನೆಯದರ ಬಗ್ಗೆ, ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು ನಾಲ್ಕು ಮಾತು ಹೇಳಲು ಅಪ್ಪಣೆ ಕೇಳುತ್ತೇನೆ.

ಶೇಕಡಾ ಫಲಿತಾಂಶ ಎಂದರೆ ಒಂದು ಭಿನ್ನರಾಶಿ. ಮೇಲಿರುವುದು ಅಂಶ, ಪಾಸಾದವರು. ಕೆಳಗಿರುವುದು ಛೇದ, ಪರೀಕ್ಷೆಗೆ ಕೂತವರು. ಭಿನ್ನರಾಶಿಯನ್ನು ದೊಡ್ಡದು ಮಾಡಲು ಎರಡು ದಾರಿ ಉಂಟು. ಅಂಶವನ್ನು ಹೆಚ್ಚಿಸಬಹುದು, ಛೇದವನ್ನು ತಗ್ಗಿಸಬಹುದು. ಮೊದಲನೆಯದಕ್ಕೆ ಮೂರು ವರ್ಷ ದುಡಿಯಬೇಕು. ಎರಡನೆಯದಕ್ಕೆ ಒಂದು ಮಧ್ಯಾಹ್ನ ಸಾಕು.

ಆ ಎರಡನೆಯ ದಾರಿಯನ್ನು ನಾನೇ ಹಿಡಿದದ್ದುಂಟು. ನಾನು ಬೇರೆ ಕಡೆ ಕೆಲಸದಲ್ಲಿದ್ದಾಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಭಾಗಾಕಾರ ಬರುತ್ತಿರಲಿಲ್ಲ. ನಾಟಿ, ಕೊಯ್ಲು ಎಂದು ವಾರಗಟ್ಟಲೆ ಶಾಲೆ ಬಿಡುತ್ತಿದ್ದ. ಹಿಂದಿನ ವರ್ಷ ನನ್ನ ವಿಷಯದ ಫಲಿತಾಂಶ ಇಳಿದಿತ್ತು. ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಗಿ ಬಂದಿತ್ತು. ಅದೇ ಭಯದಲ್ಲಿ ಆ ಹುಡುಗನ ತಂದೆಯನ್ನು ಕರೆಸಿ, "ಇವನಿಗೆ ಹತ್ತನೆಯದು ಕಷ್ಟ. ಈಗ ಟಿ.ಸಿ. ತಗೊಂಡುಬಿಡಿ. ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿಸೋಣ" ಎಂದೆ. "ನೀವು ಹೇಳಿದ್ಮೇಲೆ ಆಯ್ತು ಸಾ" ಎಂದು ಆತ ಕೈಮುಗಿದು ಹೋದರು. ಹುಡುಗ ಪರೀಕ್ಷೆ ಕಟ್ಟಲೇ ಇಲ್ಲ. ಮರುವರ್ಷ ನನ್ನ ವಿಷಯದಲ್ಲಿ ನೂರಕ್ಕೆ ನೂರು ಬಂತು. ನನಗೆ ಹಾರ ಹಾಕಿದರು. ಆ ತಪ್ಪು ನನ್ನದು, ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಅಂಥ ಭಯ ನನಗೊಬ್ಬನಿಗೇ ಇತ್ತೆಂದು ನಾನು ನಂಬುವುದಿಲ್ಲ.

ರಾಜ್ಯದ ಲೆಕ್ಕವನ್ನೇ ನೋಡಿ. 2023ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಮೇಷ್ಟರುಗಳು ಸೋಮಾರಿಗಳಾಗಲಿಲ್ಲ. ಅಳೆಯುವ ಕೋಲು ಬದಲಾಯಿತು, ಅಷ್ಟೆ. ಆದ್ದರಿಂದ ಶೇಕಡಾ ಅಂಕಿಯೊಂದನ್ನೇ ಹಿಡಿದು ಶಾಲೆಗೆ ಹಾರ ಹಾಕುವುದೂ ಸರಿಯಲ್ಲ, ಬೈಯುವುದೂ ಸರಿಯಲ್ಲ.

ಹಾಗಾದರೆ ಏನನ್ನು ನೋಡಬೇಕು? ಒಂದು ಉದಾಹರಣೆ ಹೇಳುತ್ತೇನೆ. ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ 40 ಮಕ್ಕಳು ಸೇರಿದರು ಎನ್ನಿ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂತವರು 34, ಪಾಸಾದವರು 32. ಫಲಕದಲ್ಲಿ ಶೇ. 94 ಎಂದು ಬರೆಯುತ್ತೇವೆ. ಸೇರಿದವರ ಲೆಕ್ಕ ಹಿಡಿದರೆ ಅದು ಶೇ. 80. ನಡುವೆ ಕಾಣೆಯಾದ ಆರು ಮಕ್ಕಳು ಯಾವ ಫಲಕದಲ್ಲೂ ಇಲ್ಲ. ಕೆಲವರು ಬೇರೆ ಶಾಲೆಗೆ ಹೋಗಿರಬಹುದು. ಉಳಿದವರು ಕೂಲಿಗೋ, ಗ್ಯಾರೇಜಿಗೋ, ಹೆಣ್ಣುಮಗಳಾದರೆ ಮದುವೆಗೋ ಹೋಗಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ. ಒಂಬತ್ತು, ಹತ್ತನೆಯ ತರಗತಿಯ ಮಗು ಶಾಲೆ ಬಿಟ್ಟರೆ ತಡೆಯಲು ಆ ಕಾಯ್ದೆ ಬರುವುದಿಲ್ಲ. ಬರಬೇಕಾದವರು ನಾವು.

ಸರ್ಕಾರ ಏನೂ ಕೊಟ್ಟಿಲ್ಲ ಎಂದರೆ ನಾಲಿಗೆ ಸುಳ್ಳಾಡಿದಂತೆ. ಸಂಬಳ, ಪಠ್ಯಪುಸ್ತಕ, ಸಮವಸ್ತ್ರ ಕೊಟ್ಟಿದೆ. ಮಧ್ಯಾಹ್ನದ ಬಿಸಿಯೂಟ ಹತ್ತನೆಯ ತರಗತಿಯವರೆಗೂ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ದೂರದ ಹಳ್ಳಿಗಳ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು.

ಆದರೆ ಕೆಲವು ಕೊರತೆಗಳು ಬೆಂಗಳೂರಿಗೆ ಕಾಣುವುದಿಲ್ಲ. ಗಣಿತದ ಹುದ್ದೆ ಮೇ ತಿಂಗಳಲ್ಲಿ ಖಾಲಿಯಾದರೆ, ಅತಿಥಿ ಶಿಕ್ಷಕರು ಬರುವ ತನಕ ಮಗು ಕಳೆದುಕೊಂಡ ದಿನಗಳು ಯಾವ ಕಡತದಲ್ಲೂ ಇರುವುದಿಲ್ಲ. ಏಳನೆಯದು ಮುಗಿಸಿ ಬಂದ ಮಗುವಿಗೆ ಭಾಗಾಕಾರ ಬರುತ್ತದೋ ಇಲ್ಲವೋ ಎಂಬುದೂ ಇರುವುದಿಲ್ಲ. ಅಮೆರಿಕದ ಸಣ್ಣ ಊರುಗಳಲ್ಲಿ ಮನೆ, ಜಮೀನಿನ ತೆರಿಗೆಯ ಒಂದು ಪಾಲು ಅಲ್ಲಿನ ಶಾಲೆಗೇ ಹೋಗುತ್ತದೆ. ಅದರಿಂದ ಉಳ್ಳವರ ಊರಿಗೆ ಒಳ್ಳೆಯ ಶಾಲೆ, ಇಲ್ಲದವರ ಊರಿಗೆ ಬಡ ಶಾಲೆ ಎಂಬ ಅನ್ಯಾಯವೂ ಆಗಿದೆ. ಆದರೂ ಅಲ್ಲಿಯವರು ಶಾಲೆಯ ಲೆಕ್ಕ ಕೇಳುತ್ತಾರೆ. ನಮ್ಮಲ್ಲಿ ಹಣ ಮೇಲಿನಿಂದ ಬರುವುದರಿಂದ ಶಾಲೆ ಸರ್ಕಾರದ್ದು ಎಂದು ಸುಮ್ಮನಾಗಿದ್ದೇವೆ. ಬೆಳಿಗ್ಗೆ ರಸ್ತೆಯಲ್ಲಿ ನಿಂತು ಕೆ.ಆರ್. ನಗರದ ಕಡೆ ಹೋಗುವ ಶಾಲಾ ವ್ಯಾನುಗಳನ್ನು ಎಣಿಸುತ್ತೇವೆ, ನಮ್ಮ ಶಾಲೆಯ ಹಾಜರಿ ಪುಸ್ತಕ ಎಣಿಸುವುದಿಲ್ಲ.

ಈ ಸಂಭ್ರಮದ ನೆನಪಿಗೆ ಕಮಾನು ಕಟ್ಟಿಸೋಣ ಎಂದು ಕೆಲವು ಗೆಳೆಯರು ಹೇಳಿದರು. ಅವರ ಪ್ರೀತಿ ದೊಡ್ಡದು. ಆದರೂ ನನ್ನ ವಿನಂತಿ ಬೇರೆ. ಮೂರು ಕೆಲಸ ಹೇಳುತ್ತೇನೆ.

ಒಂದು, ಫಲಿತಾಂಶದ ಫಲಕದಲ್ಲಿ ಇನ್ನೊಂದು ಕಲಂ ಬರೆಯಿಸೋಣ: ಎಂಟನೆಯ ತರಗತಿಗೆ ಸೇರಿದವರು ಎಷ್ಟು, ಅವರಲ್ಲಿ ಪಾಸಾದವರು ಎಷ್ಟು. ಬಣ್ಣದ ಖರ್ಚು ನನ್ನದು.

ಎರಡು, ಹಳೆಯ ವಿದ್ಯಾರ್ಥಿಗಳು ಒಂದು ನಿಧಿ ಇಡೋಣ. ಊರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳಿದ್ದಾರೆ. ಮುಖ್ಯೋಪಾಧ್ಯಾಯರ ಮತ್ತು ಎಸ್.ಡಿ.ಎಂ.ಸಿ.ಯವರ ಒಪ್ಪಿಗೆ ಪಡೆದು, ಜೂನ್ ಮೊದಲ ವಾರದಿಂದಲೇ ಸಂಜೆ ಒಂದು ಗಂಟೆ ಓದು, ಬರಹ, ಲೆಕ್ಕ ಹೇಳಿಕೊಡಲು ಅವರನ್ನು ಕೇಳೋಣ. ಕೈಗೆ ಗೌರವಧನ ಕೊಡೋಣ.

ಮೂರು, ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ತಂದೆ ತಾಯಿಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟದ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಅದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಮಗುವನ್ನು ಕೂಲಿಗೆ ಕಳಿಸಬೇಕೆ ಶಾಲೆಗೆ ಕಳಿಸಬೇಕೆ ಎಂದು ತೂಗುವ ಮನೆಯಲ್ಲಿ ಆ ಹಣ ತಕ್ಕಡಿಯನ್ನು ಶಾಲೆಯ ಕಡೆಗೆ ಬಾಗಿಸುತ್ತದೆ. ಪ್ರತಿ ವರ್ಷ ಅರ್ಜಿ ತುಂಬಿಸುವ, ತರಬೇತಿ ಕೊಡುವ ಕೆಲಸವನ್ನು ನಾಲ್ಕು ಜನ ಹೊತ್ತರೆ ಸಾಕು.

ಊರಿನ ಹಿರಿಯರಲ್ಲಿ ಇನ್ನೊಂದು ಮಾತು. ನಾಟಿ ಕಾಲದಲ್ಲಿ ಆಳು ಸಿಗುವುದಿಲ್ಲ ಎಂಬ ಕಷ್ಟ ನನಗೆ ಗೊತ್ತು, ನಾನೂ ಗದ್ದೆಯವರ ಮಗ. ಆದರೆ ಹದಿನೈದು ದಿನ ತಪ್ಪಿದ ಪಾಠ ಮಗುವಿಗೆ ತಾನಾಗಿಯೇ ಮರಳಿ ಸಿಗುವುದಿಲ್ಲ.

ಇಲ್ಲಿ ಹಾರ ಹಾಕಿಸಿಕೊಂಡ ನಾವೆಲ್ಲ ಪಾಸಾದವರು. ನಮ್ಮ ಜೊತೆ ಎಂಟನೆಯ ತರಗತಿಯ ಬೆಂಚಿನಲ್ಲಿ ಕೂತು, ಹತ್ತನೆಯದಕ್ಕೆ ಬಾರದೆ ಉಳಿದವರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ. ಅವರಲ್ಲಿ ಕೆಲವರು ಇವತ್ತು ಶಾಮಿಯಾನದ ಹೊರಗೆ ನಿಂತು ಕೇಳುತ್ತಿದ್ದಾರೆ. ದಯವಿಟ್ಟು ಒಳಗೆ ಬಂದು ಕೂತುಕೊಳ್ಳಿ. ನಿಮ್ಮ ಮಕ್ಕಳನ್ನು ಛೇದದಿಂದ ಕಳೆಯದೆ ಅಂಶಕ್ಕೆ ಸೇರಿಸುವ ಕೆಲಸ ಮುಂದಿನ ಜೂನ್‌ನಲ್ಲಿ ಶುರುವಾಗಲಿ.