ಊರ ರಾಡಿ, ಹೊಲದ ಗೊಬ್ಬರ



ಒಕ್ಕಲುತನದ ಮನೆಗೆ ತಿಪ್ಪೆಯೇ ಸಂಪತ್ತೆಂಬುದನ್ನು ಈ ಸಭೆಗೆ ಹೇಳಬೇಕಾದುದಿಲ್ಲ. ಊರು ಬೆಳೆದು ನಗರವಾದಾಗ ಆ ಸಂಪತ್ತು ಚರಂಡಿಯ ತಳದಲ್ಲಿ ರಾಡಿಯಾಗಿ ನಿಲ್ಲುವದು. ಅದರಲ್ಲಿ ಸಾರಜನಕ, ರಂಜಕಗಳುಂಟು. ಆಮಶಂಕೆಯ ಬೀಜಗಳೂ ಜಂತುಹುಳುವಿನ ತತ್ತಿಗಳೂ ಉಂಟು. ಮೊದಲಿನವನ್ನು ಉಳಿಸಿ, ಕಡೆಯವನ್ನು ಅಳಿಸುವದೇ ಸಂಸ್ಕರಣದ ಕಾರ್ಯವು.

ಈ ವಿದ್ಯೆಗೂ ಕನ್ನಡನಾಡಿಗೂ ಹಳೆಯ ನಂಟು. ಬೆಂಗಳೂರಿನ ವಿಜ್ಞಾನಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕ್ರಮಕ್ಕೆ ‘ಬೆಂಗಳೂರು ಪದ್ಧತಿ’ಯೆಂದೇ ಹೆಸರು. ಸುಮಾರು 1 ಮೀಟರ್ ಆಳದ ಕಂದಕದಲ್ಲಿ ಕಸದ ಒಂದು ಪದರು, ಮಲದ ಒಂದು ತೆಳುಪದರು, ಮತ್ತೆ ಕಸ, ಹೀಗೆ ತುಂಬಿ ಮಣ್ಣು ಮುಚ್ಚುವದು. ಯಂತ್ರ ಬೇಡ, ಮಗುಚುವದೂ ಬೇಡ. ಆರೆಂಟು ತಿಂಗಳ ತಾಳ್ಮೆ ಬೇಕು. ಕಾವೂ ಕಾಲವೂ ಕೂಡಿ ರೋಗಬೀಜಗಳನ್ನು ಕೊಲ್ಲುವವು. ಆದರೆ ಆ ಕಾಲದಲ್ಲಿ ಮಲವನ್ನು ಕೈಯಿಂದೆತ್ತಿ ಹೊತ್ತವರ ಮಾತು ಈ ಹೊಗಳಿಕೆಯಲ್ಲಿ ಮರೆಯಾಗತಕ್ಕದ್ದಲ್ಲ. ಆ ದುಡಿತವನ್ನು ನಿಷೇಧಿಸುವ ಕಾಯಿದೆಗಳು 1993 ಮತ್ತು 2013ರಲ್ಲಿ ಬಂದವು.

ಅಮೇರಿಕದವರು ಕಾವನ್ನೂ ಕಾಲವನ್ನೂ ಅಳೆದು ನಿಯಮದಲ್ಲಿಯೇ ಬರೆದರು. ಅವರ 1993ರ ನಿಯಮದಂತೆ ಉದ್ದಸಾಲಾಗಿ ಒಟ್ಟಿದ ಗುಡ್ಡೆಯು 15 ದಿನ 55 ಡಿಗ್ರಿ ಸೆಂಟಿಗ್ರೇಡ್ ಕಾವನ್ನು ತಾಳಬೇಕು, ಅಷ್ಟರೊಳಗೆ 5 ಸಲ ಮಗುಚಿರಬೇಕು. ಅರೆಸಂಸ್ಕರಿಸಿದ ರಾಡಿಯನ್ನು ಹರಡಿದ ಹೊಲದಲ್ಲಿ 30 ದಿನ ದನ ಮೇಯಕೂಡದು. ಮಣ್ಣಿಗೆ ತಾಗಿ ಬೆಳೆಯುವ ಕಾಯಿಪಲ್ಯವನ್ನು 14 ತಿಂಗಳು ಕೊಯ್ಯಕೂಡದು.

ಆದರೆ ಕಾವಿಗೂ ಕಾಲಕ್ಕೂ ಬಗ್ಗದ ವೈರಿಗಳುಂಟು. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಮಣ್ಣಿನಲ್ಲಿ ವರುಷ ವರುಷಕ್ಕೆ ಕೂಡುತ್ತ ಹೋಗುವವು. ಭಾರತದ ರಸಗೊಬ್ಬರ ನಿಯಂತ್ರಣಾದೇಶವು ಪಟ್ಟಣದ ಕಾಂಪೋಸ್ಟಿನ ಒಂದು ಕಿಲೋಗ್ರಾಮಿನಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಮನ್ನೂ ಸೀಸ 100 ಮಿಲಿಗ್ರಾಮನ್ನೂ ಮೀರಕೂಡದೆನ್ನುವದು. ಅಮೇರಿಕದ ನಿಯಮವೂ ಲೋಹಗಳಿಗೆ ಮಿತಿಯಿಟ್ಟಿತು. ಪಿಎಫ್‌ಎಎಸ್ ಎಂಬ ಕೃತಕ ದ್ರವ್ಯಗಳಿಗೆ ಇಡಲಿಲ್ಲ. ಅಲ್ಲಿಯ ಮೇನ್ ಪ್ರಾಂತದಲ್ಲಿ ರಾಡಿ ಹರಡಿದ ಹೊಲಗಳ ಹಾಲಿನಲ್ಲಿಯೂ ಅವು ಕಂಡವು. ಹೈನಿನ ಒಕ್ಕಲುಗಳು ಕೆಟ್ಟವು. 2022ರಲ್ಲಿ ಆ ಪ್ರಾಂತವು ರಾಡಿ ಹರಡುವದನ್ನೇ ನಿಷೇಧಿಸಿತು. ಅನುಮತಿಯಿದ್ದ ಗೊಬ್ಬರವನ್ನು ಹಾಕಿದ ರೈತನ ತಪ್ಪೇನು? ವಿಷವು ಬಂದದ್ದು ಅವನ ಹೊಲದಿಂದಲ್ಲ. ಕಾರ್ಖಾನೆಯ ನೀರು ಊರ ಚರಂಡಿಗೆ ಸೇರುವಲ್ಲಿಯೇ ಕಾವಲಿರಬೇಕು. ಒಮ್ಮೆ ಬೆರೆತ ಮೇಲೆ ಬೇರ್ಪಡಿಸುವದು ಬಲು ಕಷ್ಟ.

ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ತೊಡಗಿದ ಘಟಕವು ಮಲಗುಂಡಿಗಳ ರಾಡಿಗಾಗಿಯೇ ಕಟ್ಟಿದ್ದು. ವಾಹನವು ಗುಂಡಿಯಿಂದ ಹೀರಿ ತಂದ ರಾಡಿಯನ್ನು ಅಲ್ಲಿ ಹಾಸುಗಳಲ್ಲಿ ಒಣಗಿಸಿ, ಪಟ್ಟಣದ ಹಸಿಕಸದೊಡನೆ ಕೊಳೆಯಿಸಿ, ಗೊಬ್ಬರ ಮಾಡುವ ಏರ್ಪಾಡಾಯಿತು.